ಕಂಬ ಒಡೆದ ಮೇಲಿನ ಮಾತು

(ವೈಶಾಖ ಶುದ್ಧ ಚತುರ್ದಶಿ, ನರಸಿಂಹ ಜಯಂತಿಯ ಸಂಜೆ ನಮ್ಮೂರ ದೇವಸ್ಥಾನದ ಪ್ರಾಂಗಣದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ತಾಯಂದಿರೇ, ಗೆಳೆಯರೇ,

ಪ್ರಹ್ಲಾದನ ಕಥೆಯನ್ನು ಇದೇ ಪ್ರಾಂಗಣದಲ್ಲಿ ನೀವು ಹರಿಕಥೆಯಾಗಿ ಕೇಳಿದ್ದೀರಿ, ಯಕ್ಷಗಾನವಾಗಿ ನೋಡಿದ್ದೀರಿ. ಕಂಬ ಒಡೆಯುವ ಹೊತ್ತಿಗೆ ಚೆಂಡೆಯ ಅಬ್ಬರಕ್ಕೆ, ಅಮ್ಮನ ಸೆರಗಿನಲ್ಲಿ ನಿದ್ದೆ ಹೋದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ನರಸಿಂಹನ ಆರ್ಭಟ ಮುಗಿದು ಮಂಗಳ ಹಾಡುವಷ್ಟರಲ್ಲಿ ನಾವೆಲ್ಲ ಚಾಪೆ ಮಡಿಸಿ ಮನೆಯ ದಾರಿ ಹಿಡಿದಿರುತ್ತೇವೆ. ಭಾಗವತದ ಏಳನೆಯ ಸ್ಕಂಧದಲ್ಲಿ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ತಂದೆಯ ಕೈಯಲ್ಲಿ ಚಿತ್ರಹಿಂಸೆ ಉಂಡ ಮಗುವೊಂದು ಆ ತಂದೆಯನ್ನು ಕುರಿತು ದೇವರಲ್ಲಿ ಏನು ಕೇಳಿತು ಎನ್ನುವುದು ಅದಾದ ಮೇಲೆ ಬರುತ್ತದೆ. ನನ್ನ ಇವತ್ತಿನ ಮಾತು ಆ ಕೇಳಿಕೆಯ ಬಗ್ಗೆ, ಅದು ಯಾವಾಗ ಬಂತು, ಅದಕ್ಕೂ ಮೊದಲು ಏನೇನು ನಡೆಯಬೇಕಾಯಿತು ಎಂಬುದರ ಬಗ್ಗೆ. ನನಗೂ ಅಂಥದೊಂದು ಬಾಲ್ಯವಿತ್ತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅರವತ್ತು ದಾಟಿದ ಮೇಲೆ ಇದನ್ನು ಮುಚ್ಚಿಟ್ಟುಕೊಂಡು ನರಸಿಂಹನ ಎದುರು ಮಾತನಾಡುವುದು ನನ್ನಿಂದಾಗದು.

ಕಥೆ ಶುರುವಾಗುವುದು ಒಂದು ತೊಡೆಯ ಮೇಲೆ. ಗುರುಕುಲದಿಂದ ಬಂದ ಮಗನನ್ನು ಹಿರಣ್ಯಕಶಿಪು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ, ಅವನ ನೆತ್ತಿಯನ್ನು ಮೂಸುತ್ತಾನೆ, ಆನಂದದ ಕಣ್ಣೀರಿನಿಂದ ಆ ತಲೆಯನ್ನು ತೋಯಿಸುತ್ತಾನೆ, ಕಲಿತದ್ದರಲ್ಲಿ ಒಳ್ಳೆಯದೊಂದನ್ನು ಹೇಳು ಮಗನೇ ಎಂದು ಕೇಳುತ್ತಾನೆ. ಮಗು ಹರಿಯ ಶ್ರವಣ, ಕೀರ್ತನ, ಸ್ಮರಣ ಎಂದು ನವವಿಧ ಭಕ್ತಿಯನ್ನು ಹೇಳುತ್ತದೆ. ಅದೇ ತಂದೆ ಅದೇ ತೊಡೆಯಿಂದ ಮಗುವನ್ನು ನೆಲಕ್ಕೆ ಎಸೆಯುತ್ತಾನೆ. ಪೆಟ್ಟು ತಿಂದು ಬೆಳೆದವರಿಗೆ ಈ ಎರಡು ಕ್ಷಣಗಳ ನಡುವಿನ ಅಂತರ ಎಷ್ಟು ಕಿರಿದು ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಹೊಡೆಯುವ ತಂದೆ ಯಾವಾಗಲೂ ಹೊಡೆಯುತ್ತಲೇ ಇದ್ದಿದ್ದರೆ ಮಗು ಅವನನ್ನು ದ್ವೇಷಿಸಿ ನೆಮ್ಮದಿಯಾಗಿ ಇರಬಹುದಿತ್ತೇನೋ. ನೆತ್ತಿ ಮೂಸಿದ ಮುಖವೇ ಕಣ್ಣು ಕೆಂಪಗೆ ಮಾಡಿಕೊಂಡು ಬರುವುದರಿಂದ, ಬದಲಾದದ್ದು ಅಪ್ಪನಲ್ಲ, ನನ್ನಲ್ಲೇ ಏನೋ ಕೆಟ್ಟದ್ದಿದೆ ಎಂದು ಮಗು ತೀರ್ಮಾನಿಸುತ್ತದೆ.

ಧ್ರುವನ ಕಥೆಯೂ ತೊಡೆಯದೇ ಅಲ್ಲವೇ? ಐದು ವರ್ಷದ ಹುಡುಗ ತಂದೆ ಉತ್ತಾನಪಾದನ ತೊಡೆ ಏರಲು ಹೋಗಿ ಮಲತಾಯಿ ಸುರುಚಿಯಿಂದ ಮಾತಿನ ಪೆಟ್ಟು ತಿನ್ನುತ್ತಾನೆ; ತಂದೆ ಬಾಯಿ ತೆರೆಯದೆ ಕೂತಿರುತ್ತಾನೆ. ನಮ್ಮ ಪುರಾಣಗಳು ಮಕ್ಕಳ ನೋವನ್ನು ಚಿಕ್ಕದೆಂದು ಬಗೆಯಲಿಲ್ಲ, ಬಗೆದದ್ದು ನಾವು.

ಅಪ್ಪಯ್ಯ ಊರಿನಲ್ಲಿ ಮರ್ಯಾದಸ್ಥರು. ಜಗಳ ಬಿಡಿಸಲು, ಗಡಿ ಕಲ್ಲು ಹಾಕಲು, ಮದುವೆಯ ಮಾತುಕತೆಗೆ ಜನ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಮನೆಯ ಹೆಬ್ಬಾಗಿಲಿನ ಒಳಗೆ ಅವರು ಬೇರೆಯೇ ಮನುಷ್ಯರಾಗಿದ್ದರು. ಮಗ್ಗಿ ತಪ್ಪಿದ್ದಕ್ಕೆ, ಹಾಲು ಚೆಲ್ಲಿದ್ದಕ್ಕೆ, ಕೆಲವೊಮ್ಮೆ ಯಾವುದಕ್ಕೆಂದು ಇಂದಿಗೂ ನನಗೆ ತಿಳಿಯದ ಕಾರಣಕ್ಕೆ, ಎತ್ತಿಗೆ ಹೊಡೆಯುವ ಬಾರುಕೋಲು ನನ್ನ ಬೆನ್ನಿಗೆ ಬೀಳುತ್ತಿತ್ತು. ಆಮೇಲೆ ಅಡಿಕೆ ತುಂಬಿಡುವ ಕತ್ತಲೆ ಕೋಣೆಗೆ ನೂಕಿ ಹೊರಗಿನಿಂದ ಅಗುಳಿ ಹಾಕುತ್ತಿದ್ದರು. ಬೆನ್ನಿನ ಬಾಸುಂಡೆ ವಾರದೊಳಗೆ ಮಾಯುತ್ತಿತ್ತು. ಅಗುಳಿ ಸರಿಯುವ ಸದ್ದು ಮಾತ್ರ ಮಾಯಲಿಲ್ಲ. ಇವತ್ತಿಗೂ ಹಳೆಯ ಮನೆಗಳಲ್ಲಿ ಆ ಸದ್ದು ಕೇಳಿದರೆ, ಬುದ್ಧಿ ಏನು ಹೇಳಿದರೂ, ನನ್ನ ಹೊಟ್ಟೆ ಮೊದಲು ಹಿಡಿದುಕೊಳ್ಳುತ್ತದೆ.

ಆ ಕೋಣೆಯಲ್ಲಿ ಕೂತು ನಾನು ಮಾಡುತ್ತಿದ್ದುದು ನರಸಿಂಹನ ಜಪ. ಅಜ್ಜಿ ಕಥೆ ಹೇಳಿದ್ದಳು: ಆನೆಯಿಂದ ತುಳಿಸಿದರೂ, ಹಾವಿನಿಂದ ಕಚ್ಚಿಸಿದರೂ, ವಿಷ ಉಣಿಸಿದರೂ, ಬೆಟ್ಟದಿಂದ ಉರುಳಿಸಿದರೂ ಪ್ರಹ್ಲಾದನಿಗೆ ಏನೂ ಆಗಲಿಲ್ಲ, ಏಕೆಂದರೆ ಅವನ ಭಕ್ತಿ ನಿಜವಾದದ್ದು. ನನಗೆ ನೋವಾಗುತ್ತಿತ್ತು. ಆದ್ದರಿಂದ ನನ್ನ ಭಕ್ತಿಯಲ್ಲಿ ಏನೋ ಕೊರತೆ ಇದೆ ಎಂದುಕೊಂಡೆ. ಕೋಣೆಯ ನಡುವೆ ಮಾಡಿಗೆ ಆಸರೆಯಾಗಿ ಒಂದು ಮರದ ಕಂಬವಿತ್ತು; ಕತ್ತಲಲ್ಲಿ ಅದನ್ನು ತಡವುತ್ತಾ, ಬಿರುಕೇನಾದರೂ ಬಂದಿದೆಯೇ ಎಂದು ಬೆರಳಾಡಿಸುತ್ತಾ ಎಷ್ಟೋ ಹೊತ್ತು ಕಳೆದಿದ್ದೇನೆ. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಭಕ್ತಿ ಇದ್ದವನಿಗೆ ನೋವಾಗುವುದಿಲ್ಲ ಎಂದು ಮಕ್ಕಳಿಗೆ ಕಥೆ ಹೇಳುವಾಗ, ಆ ಮಕ್ಕಳ ನಡುವೆ ನೋವು ಉಣ್ಣುತ್ತಿರುವ ಒಂದು ಮಗು ಕೂತಿರಬಹುದು ಎಂಬ ಎಚ್ಚರ ನಮಗೆ ಬೇಕು. ಆ ಮಗುವಿಗೆ ಪೆಟ್ಟಿನ ಜೊತೆಗೆ ದೇವರ ಕಣ್ಣಲ್ಲೂ ತಾನು ಬಿದ್ದೆನೆಂಬ ಭಾವ ಸೇರಿಬಿಡುತ್ತದೆ, ಮತ್ತು ಎರಡನೆಯದು ಮೊದಲನೆಯದಕ್ಕಿಂತ ಆಳಕ್ಕೆ ಇಳಿಯುತ್ತದೆ.

ನನ್ನ ಪಾಲಿಗೆ ಕಂಬ ಒಡೆದದ್ದು 1968ರಲ್ಲಿ, ನನಗೆ ಹನ್ನೊಂದು ವರ್ಷವಾಗಿದ್ದಾಗ. ಸೋದರಮಾವ ಮುನ್ಸೂಚನೆಯಿಲ್ಲದೆ ಒಂದು ಮಧ್ಯಾಹ್ನ ಬಂದರು. ಕಾಲು ತೊಳೆದು, ಬೆಲ್ಲ ನೀರು ಕುಡಿದು, ಬಾವಿಕಟ್ಟೆಯ ಹತ್ತಿರ ನನ್ನನ್ನು ಕರೆದು ಅಂಗಿ ಬಿಚ್ಚು ಎಂದರು. ನೋಡಿದರು. ನೋಡಿ ಏನೂ ಕೇಳದೆ ಒಳಗೆ ಹೋಗಿ ಅಪ್ಪಯ್ಯನ ಎದುರು ನಿಂತು, ದನಿ ಏರಿಸದೆ ಇಷ್ಟೇ ಹೇಳಿದರು: “ಭಾವ, ಮಾಣಿಯನ್ನ ನಾನು ಕರ್ಕೊಂಡು ಹೋಗ್ತೇನೆ. ಇನ್ನು ಅವನು ನಮ್ಮಲ್ಲೇ ಇರ್ತಾನೆ.” ಊರೆಲ್ಲ ಮಾತಿಗೆ ಹೆದರುವ ಮನುಷ್ಯನ ಎದುರು ಬಡಕಲು ದೇಹದ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರರು ಹಾಗೆ ನಿಂತದ್ದು ನನ್ನ ಕಣ್ಣಿಗೆ ಕಟ್ಟಿದೆ. ಆ ಸಂಜೆ ಮಾವನ ಮನೆಯಲ್ಲಿ ಅವರಮ್ಮ, ಅಂದರೆ ನನ್ನ ಅಜ್ಜಿ, ಎಣ್ಣೆ ಹಚ್ಚಲು ನನ್ನ ತಲೆಯ ಮೇಲೆ ಕೈಯಿಟ್ಟಾಗ ನಾನು ಮೊದಲ ಬಾರಿಗೆ ಸದ್ದು ಮಾಡಿ ಅತ್ತೆ.

ಮುಂದೆ ದೊಡ್ಡವನಾಗಿ ಭಾಗವತವನ್ನು ಅರ್ಥಸಹಿತ ಓದಿದಾಗ, ಕಥೆಯಲ್ಲೂ ಅದೇ ಕ್ರಮ ಇರುವುದು ಕಂಡು ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ಮೊದಲು ಹಿಂಸೆ ನಿಲ್ಲುತ್ತದೆ. ದೇವತೆಗಳು ಸ್ತೋತ್ರ ಮಾಡಿದರೂ ನರಸಿಂಹನ ಕೋಪ ಇಳಿಯುವುದಿಲ್ಲ, ಲಕ್ಷ್ಮಿ ಕೂಡ ಹತ್ತಿರ ಹೋಗಲು ಹೆದರುತ್ತಾಳೆ. ಬ್ರಹ್ಮ ಆ ಮಗುವನ್ನೇ ಮುಂದೆ ಕಳುಹಿಸುತ್ತಾನೆ. ಪಾದಕ್ಕೆರಗಿದ ಮಗುವನ್ನು ನರಸಿಂಹ ಎಬ್ಬಿಸಿ ತಲೆಯ ಮೇಲೆ ಕೈಯಿಡುತ್ತಾನೆ. ಆಮೇಲೆ ಮಗು ಮಾತನಾಡುತ್ತದೆ, ಒಂದು ಇಡೀ ಅಧ್ಯಾಯದುದ್ದಕ್ಕೆ ಮಾತನಾಡುತ್ತದೆ, ದೇವರು ಕೇಳಿಸಿಕೊಳ್ಳುತ್ತಾನೆ. ಇಷ್ಟೆಲ್ಲ ಆದ ಮೇಲೆ, ಮುಂದಿನ ಅಧ್ಯಾಯದಲ್ಲಿ, ತಂದೆಯ ಮಾತು ಬರುತ್ತದೆ. ಆನೆಯ ಕಾಲಡಿಯಲ್ಲಿ ಬಿದ್ದಿದ್ದಾಗ ಯಾವ ದೇವರೂ ಬಂದು, ನಿನ್ನ ತಂದೆಯಲ್ಲವೇ, ಕ್ಷಮಿಸಿಬಿಡು ಎಂದು ಅವನಿಗೆ ಹೇಳಲಿಲ್ಲ. ನಾವು ಹೇಳುತ್ತೇವೆ. ಬಾಸುಂಡೆ ಆರುವ ಮೊದಲೇ ಹೇಳುತ್ತೇವೆ, ಹೇಳಿ ಅದಕ್ಕೆ ಧರ್ಮವೆಂಬ ಹೆಸರಿಡುತ್ತೇವೆ.

ಹಾಗೆ ಹೇಳುವಾಗ ನಾವು ಆಸರೆ ಹಿಡಿಯುವ ಮಾತು ಪಿತೃದೇವೋ ಭವ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆ ಮಾತು ಇರುವುದು ನಿಜ. ಅದಕ್ಕೆ ಅಂಟಿಕೊಂಡೇ ಬರುವ ಮಾತನ್ನು ಮಾತ್ರ ನಾವು ಮಕ್ಕಳಿಗೆ ಕಲಿಸುವುದಿಲ್ಲ: ಯಾನ್ಯನವದ್ಯಾನಿ ಕರ್ಮಾಣಿ, ತಾನಿ ಸೇವಿತವ್ಯಾನಿ, ನೋ ಇತರಾಣಿ. ದೋಷವಿಲ್ಲದ ಕೆಲಸಗಳು ಯಾವುವೋ ಅವನ್ನಷ್ಟೇ ಅನುಸರಿಸು, ಉಳಿದವನ್ನಲ್ಲ. ಹಿರಿಯರಾದ ನಮ್ಮಲ್ಲೂ ಒಳ್ಳೆಯ ನಡತೆ ಯಾವುದಿದೆಯೋ ಅದನ್ನು ಮಾತ್ರ ಹಿಡಿ ಎಂದು ಗುರು ಶಿಷ್ಯನಿಗೆ ಅಲ್ಲೇ ಬಿಡಿಸಿ ಹೇಳುತ್ತಾನೆ. ತಂದೆಯನ್ನು ದೇವರೆಂದು ಕಾಣು ಎಂದ ಬಾಯಿಯೇ ತಂದೆಯ ತಪ್ಪನ್ನು ತಪ್ಪೆಂದು ಗುರುತಿಸು ಎಂದೂ ಹೇಳಿದೆ.

2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ಅಧ್ಯಯನವನ್ನು ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ ಆ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಯನ್ನು, ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಅನುಭವಿಸಿದ್ದಾಗಿ ಹೇಳಿದರು. ಈ ಲೆಕ್ಕವನ್ನು ಮೊದಲು ಓದಿದ ದಿನ ನನಗಾದದ್ದು ಆಶ್ಚರ್ಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ದುಃಖದ ಬಿಡುಗಡೆ. ಆ ಕತ್ತಲೆ ಕೋಣೆಯಲ್ಲಿ ನಾನೊಬ್ಬನೇ ಇರಲಿಲ್ಲ ಎಂದಾಯಿತು. 2012ರಲ್ಲಿ ಪೋಕ್ಸೋ ಕಾಯಿದೆ ಬಂದ ಮೇಲೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಿದ್ದೂ ತಿಳಿಸದಿರುವುದು ತಾನೇ ಅಪರಾಧ. 1098 ಎಂಬ ಮಕ್ಕಳ ಸಹಾಯವಾಣಿ ಇದೆ, ಯಾರು ಬೇಕಾದರೂ ಕರೆ ಮಾಡಬಹುದು. ಮನೆಯ ಮರ್ಯಾದೆಯ ಹೆಸರಿನಲ್ಲಿ, ಇನ್ನೂ ಹೆಚ್ಚಾಗಿ ಕ್ಷಮೆಯ ಹೆಸರಿನಲ್ಲಿ, ದೂರು ಕೊಡಬೇಡಿ ಎಂದು ತಾಯಂದಿರ ಕೈ ಹಿಡಿದು ಬೇಡುವ ಹಿರಿಯರನ್ನು ನಾನು ಕಂಡಿದ್ದೇನೆ. ಅಂಥ ಹಿರಿಯರು ಇಲ್ಲಿ ಯಾರಾದರೂ ಇದ್ದರೆ ಅವರಲ್ಲಿ ನನ್ನ ಪ್ರಾರ್ಥನೆ: ಕ್ಷಮಿಸುವುದು ಪೆಟ್ಟು ತಿಂದವನ ಹಕ್ಕು, ಅವನ ಪರವಾಗಿ ಅದನ್ನು ಕೊಡುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ.

ಮಾವನ ಮನೆಯಲ್ಲಿ ಓದಿದೆ, ಕೆಲಸ ಹಿಡಿದೆ, ಮದುವೆಯಾಯಿತು. ಎಲ್ಲ ಸರಿಹೋಯಿತೆಂದೇ ಎಣಿಸಿದ್ದೆ. ನಮ್ಮ ಮಗಳಿಗೆ ಐದು ವರ್ಷವಾಗಿದ್ದಾಗ, ಒಂದು ರಾತ್ರಿ ಊಟ ಬಡಿಸುತ್ತಾ ನನ್ನ ಹೆಂಡತಿ ಮೆಲ್ಲಗೆ ಹೇಳಿದಳು: “ನಿಮ್ಮ ಸ್ಕೂಟರ್ ಸದ್ದು ಕೇಳಿದ ಕೂಡಲೇ ಮಗು ಅಡುಗೆಮನೆಗೆ ಬಂದು ನನ್ನ ಹಿಂದೆ ನಿಂತ್ಕೊಳ್ತಾಳೆ. ನಿಮಗೆ ಗೊತ್ತಿದೆಯಾ?” ನಾನು ಆ ಮಗುವಿನ ಮೇಲೆ ಕೈ ಮಾಡಿದವನಲ್ಲ. ದನಿ ಮಾತ್ರ ಅಪ್ಪಯ್ಯನದಾಗಿತ್ತು. ಅನ್ನ ಕಲಸಿದ ಕೈ ತಟ್ಟೆಯಲ್ಲೇ ನಿಂತಿತು.

ಮರುವಾರವೇ ನಾನು ಮನೋವೈದ್ಯರ ಬಳಿ ಹೋದೆ. ಎರಡು ವರ್ಷ ಹೋದೆ. ನರಸಿಂಹನನ್ನು ನಂಬಿದವನಿಗೆ ಡಾಕ್ಟರು ಏಕೆ ಎಂದು ಕೇಳಿದವರಿದ್ದರು. ಬಾವಿ ತೋಡಿಸುವಾಗ ಗಂಗೆಗೆ ಪೂಜೆಯನ್ನೂ ಮಾಡುತ್ತೇವೆ, ಗುದ್ದಲಿಯನ್ನೂ ಹಿಡಿಯುತ್ತೇವೆ. ಬಾಲ್ಯದಲ್ಲಿ ಉಂಡ ಭಯ ಬರಿಯ ನೆನಪಾಗಿ ಉಳಿಯದೆ ನಿದ್ದೆ, ಹಸಿವು, ಸಿಟ್ಟು, ರಕ್ತದೊತ್ತಡಗಳ ಒಳಗೆ ಸೇರಿಕೊಂಡಿರುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಈಗ ಚೆನ್ನಾಗಿ ಬಲ್ಲದು. 1998ರಲ್ಲಿ ಅಮೆರಿಕದ ಫೆಲಿಟ್ಟಿ ಮತ್ತು ಆಂಡ ಎಂಬ ವೈದ್ಯರು ತಮ್ಮ ಸಂಗಡಿಗರೊಂದಿಗೆ ಸಾವಿರಾರು ವಯಸ್ಕರ ಬಾಲ್ಯವನ್ನು ವಿಚಾರಿಸಿ, ಮನೆಯೊಳಗಿನ ಹಿಂಸೆಯ ಅನುಭವಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಹೃದ್ರೋಗ, ಖಿನ್ನತೆ, ಕುಡಿತಗಳ ಸಂಭವವೂ ಹೆಚ್ಚುತ್ತದೆಂದು ತೋರಿಸಿದರು. ಬೆಂಗಳೂರಿನ ನಿಮ್ಹಾನ್ಸ್ ದೂರವಾದರೆ, 2022ರಿಂದ 14416 ಎಂಬ ಟೆಲಿ ಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು, ನಾಚಿಕೆ ಪಡಬೇಡಿ. ಡಾಕ್ಟರು ನನ್ನ ಭಯಕ್ಕೆ ಒಂದು ಹೆಸರು ಕೊಟ್ಟರು, ಅದನ್ನು ಹಿಡಿದು ನಿಲ್ಲಿಸುವ ಬಗೆಯನ್ನೂ ಕಲಿಸಿದರು. ಅಪ್ಪಯ್ಯನನ್ನು ಏನು ಮಾಡಬೇಕೆಂಬ ಪ್ರಶ್ನೆ ಹಾಗೇ ಉಳಿದಿತ್ತು.

ಅಪ್ಪಯ್ಯ 1996ರಲ್ಲಿ ತೀರಿಕೊಂಡರು. ಹಿರಿಯ ಮಗನಾಗಿ ಬೆಂಕಿಯಿಟ್ಟೆ, ಕಣ್ಣಲ್ಲಿ ಹನಿ ಬರಲಿಲ್ಲ. ಅನಂತರದ ವರ್ಷಗಳಲ್ಲಿ ಅವರ ತಿಥಿಯನ್ನು ತಮ್ಮನಿಗೆ ಬಿಟ್ಟು, ಆ ದಿನ ಬೇಕೆಂದೇ ಬೇರೆ ಊರಿನಲ್ಲಿ ಇರುತ್ತಿದ್ದೆ. 2003ರಲ್ಲಿ ತಮ್ಮ ಹೊರದೇಶಕ್ಕೆ ಹೋದ. ಭಟ್ಟರು ಮನೆಗೆ ಬಂದಾಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನನಗೆ ಅವರ ಮೇಲೆ ಶ್ರದ್ಧೆ ಇಲ್ಲ, ಶ್ರದ್ಧೆಯಿಲ್ಲದೆ ಶ್ರಾದ್ಧ ಹೇಗೆ ಮಾಡಲಿ? ವಯಸ್ಸಾದ ಆ ಮನುಷ್ಯ ಎಲೆಯಡಿಕೆ ಪಕ್ಕಕ್ಕಿಟ್ಟು ಯೋಚಿಸಿ ಹೇಳಿದರು: “ಅಪ್ಪನ ಮೇಲೆ ಇಲ್ಲದಿದ್ದರೆ ಬೇಡ. ಎಳ್ಳು, ನೀರು, ದರ್ಭೆ, ಈ ಮೂರರ ಮೇಲೆ ಇದೆಯೋ? ಇದ್ದರೆ ಕೂತ್ಕೊಳ್ಳಿ.”

ಕೂತೆ. ಜನಿವಾರ ಎಡಕ್ಕೆ ಹಾಕಿಕೊಂಡು, ಬೆರಳಿಗೆ ಪವಿತ್ರ ಧರಿಸಿ, ತರ್ಪಣಕ್ಕೆ ಹೆಸರು ಹೇಳಬೇಕಾದಾಗ ಗಂಟಲು ಕಟ್ಟಿತು. ಮೂವತ್ತೈದು ವರ್ಷ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ವಸುರೂಪನಾದ ತಂದೆ, ರುದ್ರರೂಪನಾದ ಅಜ್ಜ, ಆದಿತ್ಯರೂಪನಾದ ಮುತ್ತಜ್ಜ, ಹೀಗೆ ಒಂದರ ಹಿಂದೆ ಒಂದು ಹೆಸರು. ಅಜ್ಜನ ಹೆಸರು ಹೇಳುವಾಗ ಸೋದರತ್ತೆ ಎಂದೋ ಹೇಳಿದ್ದು ನೆನಪಾಯಿತು. ಅಪ್ಪಯ್ಯನಿಗೆ ಆರು ವರ್ಷವಾಗಿದ್ದಾಗ ಅಜ್ಜ ಸತ್ತಿದ್ದರು. ದಾಯಾದಿಗಳ ಮನೆಯಲ್ಲಿ ಸಗಣಿ ಬಾಚಿ, ಕೊಟ್ಟಿಗೆಯಲ್ಲೇ ಮಲಗಿ ಆ ಹುಡುಗ ಬೆಳೆದಿದ್ದ. ಹೆಸರುಗಳ ಸಾಲಿನಲ್ಲಿ ನನ್ನ ಅಪ್ಪ ಮೊದಲ ಬಾರಿಗೆ ಒಬ್ಬ ಮಗನಾಗಿ ಕಂಡರು.

ಹಿರಣ್ಯಕಶಿಪುವಿಗೂ ಒಂದು ಗಾಯವಿತ್ತಲ್ಲ. ತಮ್ಮ ಹಿರಣ್ಯಾಕ್ಷನನ್ನು ವರಾಹ ಕೊಂದ ಮೇಲೆ ತಾಯಿ ದಿತಿಗೆ, ತಮ್ಮನ ಹೆಂಡತಿ ಮಕ್ಕಳಿಗೆ ಅವನು ಹೇಳುವ ಸಮಾಧಾನದ ಮಾತುಗಳು ಬಹಳ ತಿಳಿವಳಿಕೆಯವು. ದೇಹ ನಶ್ವರ, ಆತ್ಮಕ್ಕೆ ಸಾವಿಲ್ಲ ಎಂದೆಲ್ಲ ಹೇಳುತ್ತಾನೆ. ಆ ಮಾತಿನಲ್ಲಿ ಒಂದು ಅಕ್ಷರವೂ ಅವನ ಎದೆಗೆ ಇಳಿಯಲಿಲ್ಲ. ಇಳಿಯದ ದುಃಖ ಮಗನ ಮೇಲೆ ಹೊರಳಿತು. ಹಾಗೆಂದು ಅವನ ಪಾಪ ಕಡಿಮೆಯಾಗುವುದಿಲ್ಲ, ಅಪ್ಪಯ್ಯನದೂ ಆಗುವುದಿಲ್ಲ. ಅದೇ ಕೊಟ್ಟಿಗೆಯಲ್ಲಿ ಬೆಳೆದ ಚಿಕ್ಕಪ್ಪ ತನ್ನ ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ.

ಆ ವರ್ಷ ನಾನು ಕ್ಷಮಿಸಲಿಲ್ಲ. ಹೆಸರು ಹೇಳಿದೆ, ಅಷ್ಟೇ. ಮರುವರ್ಷ ಗಂಟಲು ಕಟ್ಟಲಿಲ್ಲ. ಮೂರನೆಯ ವರ್ಷವೋ ನಾಲ್ಕನೆಯದೋ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಎಳ್ಳುನೀರು ಇಳಿಯುತ್ತಿರುವಾಗ, ಈ ನೀರು ಆ ಹುಡುಗನಿಗೂ ಮುಟ್ಟಲಿ, ಕೊಟ್ಟಿಗೆಯಲ್ಲಿ ಮಲಗಿದವನಿಗೆ, ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೇನೆ ಎಂಬುದು ಅಂದುಕೊಂಡ ಮೇಲೆ ತಿಳಿಯಿತು. ಬಿಟ್ಟುಕೊಡುವುದಕ್ಕೆ ಎಳ್ಳುನೀರು ಬಿಡುವುದು ಎಂದು ನಮ್ಮ ಭಾಷೆ ಏಕೆ ಹೇಳುತ್ತದೆಂದು ಆ ದಿನ ನನಗೆ ಅರ್ಥವಾಯಿತು. ನಾನು ಬಿಟ್ಟದ್ದು ಅಪ್ಪಯ್ಯ ಬದಲಾಗಬಹುದಿತ್ತು, ಒಮ್ಮೆಯಾದರೂ ತಪ್ಪಾಯಿತು ಮಗ ಎನ್ನಬಹುದಿತ್ತು ಎಂಬ ಆಸೆಯನ್ನು. ಅದು ಸತ್ತವರ ಜೊತೆಗೆ ಹೋಗಬೇಕಾದ ಆಸೆ. ಅದನ್ನು ನಾನು ಮನೆಯಲ್ಲಿಟ್ಟುಕೊಂಡು ಸಾಕಿದ್ದೆ.

ಆ ಮೇಲೆಯೇ ಪ್ರಹ್ಲಾದ ಕೇಳಿದ ವರ ನನಗೆ ಸರಿಯಾಗಿ ಕೇಳಿಸಿದ್ದು. ಬೇಕಾದ್ದನ್ನು ಕೇಳು ಎಂದಾಗ ಅವನು ಮೊದಲು ಏನೂ ಬೇಡ ಎನ್ನುತ್ತಾನೆ, ಹೃದಯದಲ್ಲಿ ಆಸೆಯೇ ಮೊಳೆಯದಿರಲಿ ಎನ್ನುತ್ತಾನೆ. ಆಮೇಲೆ ತಂದೆಯ ಮಾತೆತ್ತುತ್ತಾನೆ. ನನ್ನ ತಂದೆ ನಿನ್ನನ್ನು ನಿಂದಿಸಿದ, ತಮ್ಮನನ್ನು ಕೊಂದವನೆಂದು ನಿನ್ನನ್ನು ತಪ್ಪಾಗಿ ತಿಳಿದ, ನಿನ್ನ ಭಕ್ತನಾದ ನನಗೆ ಕೇಡು ಮಾಡಿದ. ದಾಟಲಾಗದ ಆ ಪಾಪದಿಂದ ಅವನು ಶುದ್ಧನಾಗಲಿ. ಒಂದೇ ಉಸಿರಿನಲ್ಲಿ ಎರಡೂ ಇವೆ. ನನಗೆ ಕೇಡು ಮಾಡಿದ ಎಂಬುದನ್ನು ಅವನು ದೇವರ ಎದುರು ಬಾಯಿಬಿಟ್ಟು ಹೇಳುತ್ತಾನೆ, ಅದನ್ನು ಪಾಪವೆಂದೇ ಕರೆಯುತ್ತಾನೆ. ಏನೂ ಆಗಿಲ್ಲವೆಂದು ಹೇಳಿ ಕ್ಷಮಿಸಲು ಬರುವುದಿಲ್ಲ. ಆಗಿದ್ದರೆ ತಾನೇ ಕ್ಷಮಿಸುವುದು? ನರಸಿಂಹ ಕೊಡುವ ಉತ್ತರ, ನಿನ್ನ ತಂದೆ ಇಪ್ಪತ್ತೊಂದು ಪಿತೃಗಳ ಜೊತೆಗೆ ಪಾವನನಾದ ಎಂಬುದು. ಒಬ್ಬ ತಂದೆಗಾಗಿ ಕೇಳಿದರೆ ಹಿಂದಿನ ಸಾಲೆಲ್ಲ ಸೇರಿ ಬಂತು. ಬಳಿಕ, ಹೋಗು ಮಗು, ತಂದೆಯ ಉತ್ತರಕ್ರಿಯೆ ಮಾಡು ಎನ್ನುತ್ತಾನೆ. ಅಲ್ಲೂ ಎಳ್ಳು ನೀರು ಇದ್ದೀತು.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ, ಅದು ಎಲ್ಲಕ್ಕಿಂತ ಕಷ್ಟದ್ದು. ಅಪ್ಪಯ್ಯನಿಗಿಂತ ಅಮ್ಮನನ್ನು ಕ್ಷಮಿಸುವುದು ನನಗೆ ಕಠಿಣವಾಗಿತ್ತು. ಬಾರುಕೋಲು ಬೀಳುವಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು, ಮುಂದೆ ಬರುತ್ತಿರಲಿಲ್ಲ. ಹೊಡೆದವನ ಮೇಲಿನ ಸಿಟ್ಟಿಗೆ ಒಂದು ಆಕಾರವಿರುತ್ತದೆ. ಸುಮ್ಮನೆ ನಿಂತವರ ಮೇಲಿನ ಸಿಟ್ಟು ಹೊಗೆಯಂತೆ, ಎಲ್ಲಿ ಹಿಡಿಯಬೇಕೆಂದು ತಿಳಿಯದು. ಅವಳ ಕೊನೆಯ ವರ್ಷಗಳಲ್ಲಿ ನನ್ನ ಮನೆಯಲ್ಲೇ ಇದ್ದಳು. 2010ರ ಮಳೆಗಾಲದ ಒಂದು ಸಂಜೆ, ಹೂಬತ್ತಿ ಹೊಸೆಯುತ್ತಾ ಕೂತಿದ್ದ ಅವಳನ್ನು ಕೇಳಿಯೇಬಿಟ್ಟೆ. ಬಹಳ ಹೊತ್ತು ಬತ್ತಿ ಹೊಸೆಯುತ್ತಲೇ ಇದ್ದಳು. ಆಮೇಲೆ, “ನಂಗೂ ಹೆದರಿಕೆ ಇತ್ತು ಮಗ” ಅಂದಳು. ಇನ್ನಷ್ಟು ಹೊತ್ತು ಬಿಟ್ಟು, “ನಿನ್ನ ಮಾವಂಗೆ ಕಾಗದ ಯಾರು ಬರೆದ್ರು ಅಂದ್ಕೊಂಡಿದ್ದೆ?” ಅಂದಳು. ಎರಡನೆಯ ತರಗತಿ ಓದಿದ್ದವಳು. ಮೂರು ತಿಂಗಳು ಕದ್ದು ಕದ್ದು ಅಕ್ಷರ ಕೂಡಿಸಿ ಒಂದು ಕಾರ್ಡು ಬರೆದು, ಹಾಲು ತರುವ ಹುಡುಗನ ಕೈಯಲ್ಲಿ ಅಂಚೆಗೆ ಕಳುಹಿಸಿದ್ದಳಂತೆ.

ಅವಳು ಮರುವರ್ಷ ತೀರಿಕೊಂಡಳು. ಆ ಚಳಿಗಾಲದಲ್ಲಿ ನಾನು, ಹೆಂಡತಿ, ಮಗಳು ಹಂಪಿಗೆ ಹೋಗಿದ್ದೆವು. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ 6.7 ಮೀಟರ್ ಎತ್ತರದ ಆ ನರಸಿಂಹನನ್ನು ಜನ ಉಗ್ರ ನರಸಿಂಹ ಎನ್ನುತ್ತಾರೆ. ಮೂಲದಲ್ಲಿ ಅವನು ಲಕ್ಷ್ಮೀನರಸಿಂಹ. ಎಡತೊಡೆಯ ಮೇಲೆ ಲಕ್ಷ್ಮಿ ಕೂತಿದ್ದಳು. ಒಡೆದವರು ಅವಳನ್ನು ಒಡೆದುಹಾಕಿದ್ದರಿಂದ ಈಗ ಆ ತೊಡೆ ಬರಿದಾಗಿದೆ. ಕೈಗಳು ಮುರಿದಿವೆ. ಪುರಾತತ್ವ ಇಲಾಖೆಯವರು ಜೀರ್ಣೋದ್ಧಾರ ಮಾಡುವಾಗ ಹೊಸ ಲಕ್ಷ್ಮಿಯನ್ನು ಕಡೆದು ಕೂರಿಸಲಿಲ್ಲ, ಮೊಣಕಾಲುಗಳಿಗೆ ಆಧಾರವಾಗಿ ಒಂದು ಕಲ್ಲಿನ ಪಟ್ಟಿ ಜೋಡಿಸಿದರು. ಮುರಿದದ್ದು ಮುರಿದೇ ಇದೆ, ಮೂರ್ತಿ ಬೀಳದೆ ಕೂತಿದೆ. ನಾನು ಬಹಳ ಹೊತ್ತು ಆ ಬರಿದಾದ ತೊಡೆಯನ್ನೇ ನೋಡುತ್ತಿದ್ದೆ. ಮಗಳು ಪಕ್ಕಕ್ಕೆ ಸರಿದು ನೋಡಿ ನನ್ನನ್ನು ಕರೆದಳು. ಲಕ್ಷ್ಮಿಯ ದೇಹವೆಲ್ಲ ಹೋಗಿದ್ದರೂ, ಅಂದು ಅವಳು ಅವನನ್ನು ಬಳಸಿದ್ದ ಕೈ ಒಂದು ಮಾತ್ರ ನರಸಿಂಹನ ಬೆನ್ನಿನ ಮೇಲೆ ಇನ್ನೂ ಹಾಗೇ ಇದೆ.